ನೆಸ್ಟೆಡ್ ವರ್ಚುವಲೈಸೇಶನ್‌ನಲ್ಲಿ ಸ್ಥಗಿತ ಅತಿಥಿಗಳ ಇಂಟರಪ್ಟ್ ನಿರ್ವಹಣೆ

ನೆಸ್ಟೆಡ್ ವರ್ಚುವಲೈಸೇಶನ್ ಎಂದರೆ ಒಂದು ವರ್ಚುವಲ್ ಯಂತ್ರದೊಳಗೆ ಇನ್ನೊಂದು ಹೈಪರ್‌ವೈಸರನ್ನು ಚಲಾಯಿಸುವ ವಿಧಾನ. ನೈಜ ಯಂತ್ರಾಂಶವನ್ನು ನಿಯಂತ್ರಿಸುವ ಹೈಪರ್‌ವೈಸರನ್ನು ಎಲ್0 ಎಂದೂ, ಅದರ ಅತಿಥಿಯಾಗಿರುವ ಹೈಪರ್‌ವೈಸರನ್ನು ಎಲ್1 ಎಂದೂ, ಎಲ್1ರ ಅತಿಥಿಯನ್ನು ಎಲ್2 ಎಂದೂ ಕರೆಯಲಾಗುತ್ತದೆ. ಎಲ್2 ಸ್ಥಗಿತಗೊಂಡಿರುವಾಗ ಬರುವ ಇಂಟರಪ್ಟ್ ಯಾರಿಗೆ ಸೇರಿದ್ದೆಂದು ಗುರುತಿಸಿ ತಲುಪಿಸುವುದು ಎಲ್0ರ ಹೊಣೆ. ಈ ಲೇಖನವು ಇಂಟೆಲ್ ಪ್ರೊಸೆಸರ್‌ಗಳ ವಿಎಂಎಕ್ಸ್ ವ್ಯವಸ್ಥೆಗೆ ಸಂಬಂಧಿಸಿದೆ.

ಹಿನ್ನೆಲೆ

ಕೆಲಸವಿಲ್ಲದಾಗ ಕಾರ್ಯಾಚರಣಾ ವ್ಯವಸ್ಥೆಯು ಎಚ್‌ಎಲ್‌ಟಿ ಆದೇಶದ ಮೂಲಕ ಪ್ರೊಸೆಸರನ್ನು ನಿಲ್ಲಿಸುತ್ತದೆ. ಮುಂದಿನ ಇಂಟರಪ್ಟ್ ಅದನ್ನು ಎಚ್ಚರಿಸುತ್ತದೆ. ಲಿನಕ್ಸ್ ಕರ್ನಲ್‌ನ ಭಾಗವಾದ ಕೆವಿಎಂನಲ್ಲಿ ಇಂಟೆಲ್ ಯಂತ್ರಗಳಿಗೆ ನೆಸ್ಟೆಡ್ ಸೌಲಭ್ಯವನ್ನು ರೂಪಿಸಿದ ಐಬಿಎಂನ ಟರ್ಟಲ್ಸ್ ಯೋಜನೆಯ ವಿವರಗಳು 2010ರಲ್ಲಿ ಪ್ರಕಟವಾದವು.

ಸ್ಥಗಿತದ ಎರಡು ಬಗೆಗಳು

ಎಚ್‌ಎಲ್‌ಟಿಯನ್ನು ತಡೆಯುವಂತೆ ಎಲ್1 ಕೋರಿದ್ದರೆ, ಎಲ್2ರ ಆದೇಶವನ್ನು ಎಲ್0 ನೇರವಾಗಿ ಎಲ್1ಕ್ಕೆ ಒಪ್ಪಿಸುತ್ತದೆ. ಮುಂದಿನ ನಿರ್ಧಾರ ಎಲ್1ರದು. ಎಲ್1 ಹಾಗೆ ಕೋರದಿದ್ದಾಗ ಎಲ್2ರ ಸ್ಥಿತಿಯಲ್ಲಿಯೇ ವರ್ಚುವಲ್ ಪ್ರೊಸೆಸರ್ ನಿಲ್ಲುತ್ತದೆ. ಎಲ್0 ಅದನ್ನು ಮಲಗಿಸಿ ನೈಜ ಪ್ರೊಸೆಸರನ್ನು ಬೇರೆ ಕೆಲಸಕ್ಕೆ ಬಳಸಿಕೊಳ್ಳಬಹುದು. ತೊಡಕುಗಳು ಹೆಚ್ಚಾಗಿ ಈ ಎರಡನೆಯ ಬಗೆಯಲ್ಲಿ ಉಂಟಾಗುತ್ತವೆ.

ಇಂಟರಪ್ಟ್ ರವಾನೆ

ಬಾಹ್ಯ ಇಂಟರಪ್ಟ್‌ಗಳು ತನಗೇ ಬರಬೇಕೆಂದು ಎಲ್1 ಸೂಚಿಸಿದ್ದರೆ, ಎಲ್2 ತನ್ನ ಇಂಟರಪ್ಟ್‌ಗಳನ್ನು ಮುಚ್ಚಿಟ್ಟಿದ್ದರೂ ಎಲ್0 ಪ್ರೊಸೆಸರನ್ನು ಎಚ್ಚರಿಸಿ ಎಲ್2ರಿಂದ ಎಲ್1ಕ್ಕೆ ನಿರ್ಗಮನವನ್ನು ಉಂಟುಮಾಡಬೇಕು. ಆಗ ಎಲ್1ರ ನಿಯಂತ್ರಣ ರಚನೆಯಾದ ವಿಎಂಸಿಎಸ್‌ನ ಚಟುವಟಿಕೆ ಸ್ಥಿತಿಯಲ್ಲಿ, ಸಕ್ರಿಯವನ್ನು ಸೂಚಿಸುವ 0ಯ ಬದಲು ಸ್ಥಗಿತವನ್ನು ಸೂಚಿಸುವ 1 ದಾಖಲಾಗಬೇಕು. ಇಲ್ಲದಿದ್ದರೆ ಎಲ್1 ಮರಳಿ ಪ್ರವೇಶಿಸಿದಾಗ, ತನಗೆ ಯಾವ ಇಂಟರಪ್ಟ್ ಬಾರದಿದ್ದರೂ ಎಲ್2 ಎಚ್‌ಎಲ್‌ಟಿಯ ನಂತರದ ಆದೇಶವನ್ನು ನಡೆಸತೊಡಗುತ್ತದೆ. ಪ್ರವೇಶದ ವೇಳೆ ಎಲ್1 ಒಂದು ಇಂಟರಪ್ಟನ್ನು ಎಲ್2ಕ್ಕೆ ತುಂಬಿ ಕಳುಹಿಸಿದರೆ ಸ್ಥಗಿತ ಸ್ಥಿತಿ ಕೊನೆಗೊಳ್ಳುತ್ತದೆ.

ಪೋಸ್ಟೆಡ್ ಇಂಟರಪ್ಟ್ ಬಳಕೆಯಲ್ಲಿದ್ದಾಗ, ಎಲ್1 ಇಂಟರಪ್ಟನ್ನು ಮೆಮೊರಿಯಲ್ಲಿ ಗುರುತಿಸಿ ಸೂಚನೆ ಕಳುಹಿಸುತ್ತದೆ. ಎಲ್2 ಓಡುತ್ತಿದ್ದರೆ ಯಂತ್ರಾಂಶವೇ ಅದನ್ನು ತಲುಪಿಸುತ್ತದೆ. ಮಲಗಿರುವ ಎಲ್2 ಯಾವ ನೈಜ ಪ್ರೊಸೆಸರ್ ಮೇಲೂ ಇರುವುದಿಲ್ಲವಾದ್ದರಿಂದ, ಬಾಕಿಯಿರುವ ಇಂಟರಪ್ಟನ್ನು ಎಲ್0 ತಾನೇ ಪರಿಶೀಲಿಸಿ ಅದನ್ನು ಎಚ್ಚರಿಸಬೇಕಾಗುತ್ತದೆ.

ಲೋಪದ ಪರಿಣಾಮ

ಎಚ್ಚರಿಸುವ ಸೂಚನೆ ಒಮ್ಮೆ ತಪ್ಪಿದರೆ, ಬೇರೊಂದು ಘಟನೆ ಎಬ್ಬಿಸುವವರೆಗೆ ಎಲ್2 ನಿಂತೇ ಇರುತ್ತದೆ. ಅಂಥ ಘಟನೆ ಬಾರದಿದ್ದರೆ, ದೋಷ ಸಂದೇಶವಿಲ್ಲದೆಯೇ ಯಂತ್ರ ಹೆಪ್ಪುಗಟ್ಟಿದಂತೆ ಕಾಣುತ್ತದೆ. ಸಮಯದ ಹೊಂದಾಣಿಕೆಯನ್ನು ಅವಲಂಬಿಸುವುದರಿಂದ ಇಂಥ ದೋಷಗಳನ್ನು ಪುನರಾವರ್ತಿಸಿ ಪತ್ತೆಹಚ್ಚುವುದು ಕಷ್ಟ.