ಪಥ್ಯ

ದಾರಿ ಎಂಬರ್ಥದ ಸಂಸ್ಕೃತ 'ಪಥ'ದಿಂದ ಬಂದ ಪದ. ದಾರಿಗೆ ಹೊಂದುವಂಥದ್ದು, ಹಿತವಾದದ್ದು. ಅಳಲೆಕಾಯಿಗೂ ಸಂಸ್ಕೃತದಲ್ಲಿ 'ಪಥ್ಯಾ' ಎಂಬ ಹೆಸರಿದೆ. ಕನ್ನಡ, ತೆಲುಗು ಎರಡೂ ಕಿವಿಗೆ ಬೀಳುವ ಹಿಂದೂಪುರ, ಕಲ್ಯಾಣದುರ್ಗದ ಕಡೆ ಈ ಪದಕ್ಕೆ ಅನುವಾದವೇ ಬೇಡ: ಕನ್ನಡದಲ್ಲಿ ಪಥ್ಯ, ತೆಲುಗಿನಲ್ಲಿ ಪಥ್ಯಂ.

ನಾಟಿ ಮದ್ದಿಗೆ ಬದನೆಕಾಯಿ ಬಿಡುವವರು, ಇಂಗ್ಲಿಷ್ ಮಾತ್ರೆಗೆ ಪಥ್ಯವಿಲ್ಲ ಅಂದುಕೊಳ್ಳುವುದುಂಟು. ಇದೆ, ಅದೂ ಕಟ್ಟುನಿಟ್ಟಾಗಿ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಅದಕ್ಕೂ ನಾಲ್ಕು ಗಂಟೆ ಅಂತರ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಊಟದ ಜೊತೆ, ಇಲ್ಲವಾದರೆ ವಾಕರಿಕೆ, ಭೇದಿ. ಸಿಪ್ರೊಫ್ಲಾಕ್ಸಾಸಿನ್ನನ್ನು ಹಾಲಿನಲ್ಲಿ ನುಂಗಿದರೆ ಮೈಗೆ ಸರಿಯಾಗಿ ಹತ್ತದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ನದು ವಿಚಿತ್ರ ಪಥ್ಯ: ಸೊಪ್ಪಿನಲ್ಲಿರುವ 'ಕೆ' ಜೀವಸತ್ವ ಅದರ ಬಲ ತಗ್ಗಿಸುತ್ತದೆ. ಹಾಗೆಂದು ಸೊಪ್ಪು ಬಿಡಬೇಕಿಲ್ಲ. ಒಂದು ವಾರ ಬುಟ್ಟಿಗಟ್ಟಲೆ, ಮರುವಾರ ಏನೂ ಇಲ್ಲ ಎನ್ನುವಂತಾಗಬಾರದು, ಅಷ್ಟೆ.

ಮಾತಿಗೂ ಪಥ್ಯವುಂಟು. 'ಅವನಿಗೆ ನನ್ನ ಮಾತು ಪಥ್ಯವಾಗಲಿಲ್ಲ' ಅಂದರೆ ಹಿಡಿಸಲಿಲ್ಲ ಎಂದರ್ಥ. ಹಿತವಾದದ್ದನ್ನು ಹೇಳುತ್ತಿದ್ದ ಪದ ಇಲ್ಲಿ ರುಚಿಸಿದ್ದನ್ನು ಹೇಳುತ್ತಿದೆ, ವೈದ್ಯರು ಒಪ್ಪಲಾರರು.