ಶೇ 10, ಐದು ನಿಮಿಷ: ಹೊಸ ಕೋಡನ್ನು ಮೆಲ್ಲಗೆ ಬಿಡಲು ಕಲಿತ ಕಥೆ

ಇವತ್ತಿನ ಕಂತಿನ ವಿಷಯ ಕೇಳೋಕೆ ಸ್ವಲ್ಪ ಒಣ ಅನಿಸಬಹುದು. ಸರ್ವರ್‌ಲೆಸ್ ಅಪ್ಲಿಕೇಶನ್‌ಗಳ ಹೊಸ ವರ್ಷನ್ ಬಂದಾಗ ಅದನ್ನು ಎಲ್ಲರಿಗೂ ಒಂದೇ ಸಲ ಕೊಡದೆ ಸ್ವಲ್ಪ ಸ್ವಲ್ಪವಾಗಿ ಬಿಡ್ತಾರಲ್ಲ, ಆ ಪದ್ಧತಿಯ ಇತಿಹಾಸ. ಆದರೆ ಈ ಇತಿಹಾಸದಲ್ಲಿ ಗಣಿ ಸ್ಫೋಟ ಇದೆ, ಹಳದಿ ಹಕ್ಕಿ ಇದೆ, ಮುಕ್ಕಾಲು ಗಂಟೆಯಲ್ಲಿ ಮುಳುಗಿಹೋದ ಒಂದು ಷೇರು ಕಂಪನಿಯೂ ಇದೆ. ಕಾಮರ್ಸ್ ಓದಿದ ನಾನು ಈ ವಿಷಯಕ್ಕೆ ಬಂದಿದ್ದು ಆ ಷೇರು ಕಂಪನಿಯ ಬಾಗಿಲಿನಿಂದಲೇ. ಅಲ್ಲಿಂದಲೇ ಶುರು ಮಾಡೋಣ.

2012ರ ಆಗಸ್ಟ್ 1, ನ್ಯೂಯಾರ್ಕ್. ನೈಟ್ ಕ್ಯಾಪಿಟಲ್ ಅನ್ನೋದು ಆಗ ಅಮೆರಿಕದ ಷೇರುಪೇಟೆಯಲ್ಲಿ ದೊಡ್ಡ ಹೆಸರು. ಗ್ರಾಹಕರ ಆರ್ಡರ್‌ಗಳನ್ನು ಸಣ್ಣ ಸಣ್ಣ ತುಂಡು ಮಾಡಿ ಮಾರುಕಟ್ಟೆಗೆ ಕಳಿಸುವ ಅವರ ಸಾಫ್ಟ್‌ವೇರ್ ಎಂಟು ಸರ್ವರ್‌ಗಳ ಮೇಲೆ ಓಡುತ್ತಿತ್ತು. ಆ ದಿನ ನ್ಯೂಯಾರ್ಕ್ ಎಕ್ಸ್‌ಚೇಂಜ್ ಹೊಸದೊಂದು ಯೋಜನೆ ಆರಂಭಿಸುವುದಿತ್ತು, ಅದಕ್ಕೆ ನೈಟ್ ಹೊಸ ಕೋಡ್ ಬರೆದಿತ್ತು. ಏಳು ಸರ್ವರ್‌ಗೆ ಹೊಸ ಕೋಡ್ ಹೋಯಿತು. ಎಂಟನೆಯದಕ್ಕೆ ಹಾಕುವುದು ಮರೆತುಹೋಯಿತು. ಇನ್ನೊಬ್ಬರು ಕೂತು ಸರಿಯಾಗಿದೆಯಾ ಅಂತ ನೋಡಲಿಲ್ಲ. ನೋಡಲೇಬೇಕು ಅನ್ನೋ ಲಿಖಿತ ನಿಯಮವೂ ಇರಲಿಲ್ಲ.

ಆ ಎಂಟನೇ ಸರ್ವರ್‌ನಲ್ಲಿ 2003ರಿಂದ ಯಾರೂ ಬಳಸದ ‘ಪವರ್ ಪೆಗ್’ ಅನ್ನೋ ಹಳೇ ಕೋಡ್ ಹಾಗೇ ಮಲಗಿತ್ತು. ಹೊಸ ಕೋಡನ್ನು ಎಬ್ಬಿಸಲು ಇಟ್ಟ ಗುರುತು, ಹಿಂದೆ ಪವರ್ ಪೆಗ್ ಅನ್ನು ಎಬ್ಬಿಸುತ್ತಿದ್ದ ಅದೇ ಗುರುತು. ಬೆಳಿಗ್ಗೆ 9.30ಕ್ಕೆ ಮಾರುಕಟ್ಟೆ ತೆರೆದಾಗ ಅದು ಎದ್ದಿತು. ಆರ್ಡರ್ ಪೂರ್ತಿ ಆಯಿತಾ ಇಲ್ಲವಾ ಅಂತ ಎಣಿಸುವ ಭಾಗವನ್ನು 2005ರಲ್ಲೇ ಬೇರೆ ಕಡೆಗೆ ಸರಿಸಿದ್ದರು. ಹಾಗಾಗಿ ಸಾಕು ಅನ್ನೋದು ಅದಕ್ಕೆ ಗೊತ್ತಾಗಲೇ ಇಲ್ಲ, ಕಳಿಸಿದ್ದನ್ನೇ ಕಳಿಸುತ್ತಾ ಹೋಯಿತು. ಗ್ರಾಹಕರು ಕೊಟ್ಟಿದ್ದು 212 ಆರ್ಡರ್. ಸುಮಾರು 45 ನಿಮಿಷದಲ್ಲಿ ನಡೆದ ವಹಿವಾಟು 40 ಲಕ್ಷಕ್ಕೂ ಹೆಚ್ಚು. 154 ಕಂಪನಿಗಳ 39.7 ಕೋಟಿಗೂ ಹೆಚ್ಚು ಷೇರು. ನಷ್ಟ 46 ಕೋಟಿ ಡಾಲರ್ ದಾಟಿತು. ಮುಂದಿನ ವರ್ಷ ಆ ಕಂಪನಿ ಗೆಟ್ಕೋ ಜತೆ ವಿಲೀನವಾಗಿ, ಸ್ವತಂತ್ರ ಸಂಸ್ಥೆಯಾಗಿ ಉಳಿಯಲಿಲ್ಲ.

ಇಷ್ಟನ್ನು ನೀವು ಬೇರೆ ಕಡೆಯೂ ಕೇಳಿರಬಹುದು. ಈ ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ವಿಷಯ ಇದೆ. ಅಮೆರಿಕದ ಎಸ್‌ಇಸಿ, ಅಂದರೆ ನಮ್ಮ ಸೆಬಿ ಥರದ ನಿಯಂತ್ರಕ ಸಂಸ್ಥೆ, 2013ರ ಅಕ್ಟೋಬರ್‌ನಲ್ಲಿ 1.2 ಕೋಟಿ ಡಾಲರ್ ದಂಡ ಹಾಕಿದ ಆದೇಶದಲ್ಲಿ ಅದು ಸ್ಪಷ್ಟವಾಗಿದೆ. ನೈಟ್ ಆ ಕೋಡನ್ನು ಒಂದೇ ಏಟಿಗೆ ಹಾಕಿರಲಿಲ್ಲ. ಜುಲೈ 27ರಿಂದ ದಿನಕ್ಕೆ ಕೆಲವು ಸರ್ವರ್ ಅಂತ ಹಂತ ಹಂತವಾಗಿಯೇ ಹಾಕಿತ್ತು! ನಿಧಾನ ಇತ್ತು ಸ್ವಾಮಿ. ನಿಧಾನವಾಗಿ ಹೋಗುವಾಗ ಏನು ನೋಡಬೇಕು, ಏನು ಕಂಡರೆ ನಿಲ್ಲಿಸಬೇಕು ಅನ್ನೋದು ಇರಲಿಲ್ಲ. ಅವತ್ತು ಬೆಳಿಗ್ಗೆ ಮಾರುಕಟ್ಟೆ ತೆರೆಯುವ ಮುಂಚೆಯೇ ಅವರ ಸಿಸ್ಟಮ್ ಪವರ್ ಪೆಗ್ ಹೆಸರು ಹೇಳಿ 97 ಇಮೇಲ್ ಕಳಿಸಿತ್ತು. ಅವನ್ನು ಎಚ್ಚರಿಕೆ ಅಂತ ಯಾರೂ ಪರಿಗಣಿಸಿರಲಿಲ್ಲ. ತಪ್ಪು ಗೊತ್ತಾದ ಮೇಲೆ ಮಾಡಿದ್ದು ಇನ್ನೂ ಘೋರ: ಸರಿಯಾಗಿದ್ದ ಏಳು ಸರ್ವರ್‌ಗಳಿಂದ ಹೊಸ ಕೋಡನ್ನು ತೆಗೆದರು. ಆಗ ಆ ಏಳರಲ್ಲೂ ಪವರ್ ಪೆಗ್ ಎದ್ದು ಕೂತಿತು.

ಈಗ ಸ್ವಲ್ಪ ಹಿಂದೆ, ನೂರು ವರ್ಷಕ್ಕೂ ಹಿಂದೆ ಹೋಗೋಣ. ಸಾಫ್ಟ್‌ವೇರ್‌ನವರು ಈ ಪದ್ಧತಿಗೆ ‘ಕ್ಯಾನರಿ’ ಅಂತ ಹೆಸರಿಟ್ಟಿದ್ದು ಕಲ್ಲಿದ್ದಲು ಗಣಿಗಳಿಂದ ತಂದು. 1896ರಲ್ಲಿ ದಕ್ಷಿಣ ವೇಲ್ಸ್‌ನ ಟೈಲರ್ಸ್‌ಟೌನ್ ಗಣಿಯಲ್ಲಿ ಸ್ಫೋಟವಾಗಿ 57 ಜನ ಸತ್ತರು. ಜಾನ್ ಸ್ಕಾಟ್ ಹಾಲ್ಡೇನ್ ಅನ್ನೋ ಸ್ಕಾಟ್ಲೆಂಡ್ ಮೂಲದ ವಿಜ್ಞಾನಿ ಪರಿಶೀಲಿಸಿದಾಗ ಗೊತ್ತಾಗಿದ್ದು, ಹೆಚ್ಚಿನವರನ್ನು ಕೊಂದದ್ದು ಸ್ಫೋಟ ಅಲ್ಲ, ಆಮೇಲೆ ಉಳಿದ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮನುಷ್ಯನಿಗಿಂತ ಬೇಗ ಅದರ ಪರಿಣಾಮ ತೋರಿಸುವ ಸಣ್ಣ ಪ್ರಾಣಿಯನ್ನು ಜತೆಗೆ ಒಯ್ಯಿರಿ ಅಂತ ಆತ ಸಲಹೆ ಕೊಟ್ಟ. 1911ರಿಂದ ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿ ಹಕ್ಕಿಗಳು ಕೆಲಸಕ್ಕೆ ನಿಂತವು. ಅವುಗಳ ಜಾಗಕ್ಕೆ ಎಲೆಕ್ಟ್ರಾನಿಕ್ ಯಂತ್ರ ತರುವ ತೀರ್ಮಾನ ಆಗಿದ್ದು 1986ರಲ್ಲಿ, ಅಂದರೆ ನಮ್ಮ ಅಪ್ಪ-ಅಮ್ಮನ ಕಾಲದಲ್ಲಿ.

ನನಗೆ ತುಂಬಾ ಹಿಡಿಸಿದ್ದು ಆ ಪಂಜರ. ಮ್ಯಾಂಚೆಸ್ಟರ್‌ನ ವಸ್ತುಸಂಗ್ರಹಾಲಯದಲ್ಲಿ ಒಂದು ಇದೆ. ಅದರ ಮೇಲೆ ಪುಟ್ಟ ಆಕ್ಸಿಜನ್ ಸಿಲಿಂಡರ್ ಇರುತ್ತೆ. ಹಕ್ಕಿ ತಲೆ ತಿರುಗಿ ಬಿದ್ದ ಕೂಡಲೇ ಬಾಗಿಲು ಮುಚ್ಚಿ ಸಿಲಿಂಡರ್ ತಿರುವಿದರೆ ಅದು ಮತ್ತೆ ಚೇತರಿಸಿಕೊಳ್ಳಬೇಕು. ಹಕ್ಕಿಯನ್ನು ಕಳೆದುಕೊಳ್ಳದೆ ವಾಪಸ್ ಬರುವ ಏರ್ಪಾಡು ಅದು. ಸಾಫ್ಟ್‌ವೇರ್‌ನವರು ಹಕ್ಕಿಯ ಹೆಸರನ್ನು ಮಾತ್ರ ಅಲ್ಲ, ಈ ಸಿಲಿಂಡರನ್ನೂ ತಮ್ಮ ಥರದಲ್ಲಿ ಮಾಡಿಕೊಳ್ಳಬೇಕಾಯಿತು.

2009ರ ಹೊತ್ತಿಗೆ ಫ್ಲಿಕರ್‌ನ ಜಾನ್ ಆಲ್‌ಸ್ಪಾ ಮತ್ತು ಪಾಲ್ ಹ್ಯಾಮಂಡ್ ಒಂದು ಸಮ್ಮೇಳನದಲ್ಲಿ ನಿಂತು, ನಾವು ದಿನಕ್ಕೆ ಹತ್ತಕ್ಕೂ ಹೆಚ್ಚು ಸಲ ಹೊಸ ಕೋಡ್ ಹಾಕ್ತೀವಿ ಅಂದಾಗ ಅದು ಸುದ್ದಿಯಾಗಿತ್ತು. ಮರುವರ್ಷ ಜೆಜ್ ಹಂಬಲ್ ಮತ್ತು ಡೇವಿಡ್ ಫಾರ್ಲೆ ಬರೆದ ಪುಸ್ತಕ ಈ ಕಸುಬಿಗೆ ಪಠ್ಯದ ಹಾಗಾಯಿತು. ಆದರೆ ಇದೆಲ್ಲ ಸರ್ವರ್‌ಗಳನ್ನು ಎಣಿಸಬಹುದಾದ ಕಾಲ. ಎಂಟರಲ್ಲಿ ಒಂದಕ್ಕೆ ಮೊದಲು ಹಾಕು, ನೋಡು, ಆಮೇಲೆ ಉಳಿದ ಏಳು.

2014ರ ನವೆಂಬರ್‌ನಲ್ಲಿ ಅಮೆಜಾನ್ ‘ಲ್ಯಾಂಬ್ಡಾ’ ತಂದಾಗ ಎಣಿಸುವುದಕ್ಕೆ ಸರ್ವರ್ರೇ ಇಲ್ಲದಂತಾಯಿತು. ನೀವು ಕೋಡ್ ಕೊಡಿ, ಯಾರಾದರೂ ಕರೆದಾಗ ಮಾತ್ರ ನಾವು ಓಡಿಸ್ತೀವಿ, ಓಡಿದಷ್ಟಕ್ಕೆ ದುಡ್ಡು. ಸರ್ವರ್‌ಲೆಸ್ ಅಂದರೆ ಇಷ್ಟೇ. ಸರ್ವರ್ ಇದೆ, ನಿಮ್ಮ ಕೈಯಲ್ಲಿ ಇಲ್ಲ. ಹಾಗಾದರೆ ಒಂದಕ್ಕೆ ಮೊದಲು ಹಾಕು ಅನ್ನೋದನ್ನು ಯಾವುದರ ಮೇಲೆ ಮಾಡೋದು?

ಉತ್ತರ ಎರಡು ಕಂತಲ್ಲಿ ಬಂತು. 2015ರಲ್ಲಿ ಪ್ರತಿ ವರ್ಷನ್‌ಗೂ 1, 2, 3 ಅಂತ ನಂಬರ್ ಬಂತು. ಒಮ್ಮೆ ನಂಬರ್ ಬಿದ್ದರೆ ಆ ಕೋಡನ್ನು ತಿದ್ದುವ ಹಾಗಿಲ್ಲ. ಜತೆಗೆ ‘ಅಲಿಯಾಸ್’ ಅನ್ನೋ ಬೋರ್ಡು. ಹೊರಗಿನವರು ಬೋರ್ಡು ನೋಡಿಕೊಂಡು ಬರ್ತಾರೆ, ಒಳಗೆ ಯಾವ ನಂಬರಿಗೆ ಕಳಿಸಬೇಕು ಅನ್ನೋದು ನಿಮಗೆ ಬಿಟ್ಟಿದ್ದು. 2017ರ ನವೆಂಬರ್‌ನಲ್ಲಿ ಆ ಬೋರ್ಡಿಗೆ ತೂಕ ಬಂತು. ಶೇ 90 ಹಳೆಯದಕ್ಕೆ, ಶೇ 10 ಹೊಸದಕ್ಕೆ. ಕೋಡ್‌ಡಿಪ್ಲಾಯ್ ಅನ್ನೋ ಅವರದೇ ಇನ್ನೊಂದು ಸೇವೆ ಈ ತೂಕವನ್ನು ತಾನೇ ಬದಲಿಸುತ್ತಾ ಹೋಗುತ್ತೆ. ಅದರಲ್ಲಿ ಸಿದ್ಧವಾಗಿ ಸಿಗುವ ಒಂದು ಆಯ್ಕೆ: ಮೊದಲು ಶೇ 10, ಐದು ನಿಮಿಷ ಕಾಯುವುದು, ಆಮೇಲೆ ಉಳಿದ ಶೇ 90. ನೀವು ಇಟ್ಟ ಅಲಾರಂ ಹೊಡೆದರೆ ಎಲ್ಲ ಕರೆಗಳೂ ಹಳೇ ನಂಬರಿಗೆ ವಾಪಸ್. ಗೂಗಲ್‌ನ ಕ್ಲೌಡ್ ರನ್‌ನಲ್ಲೂ ಹೀಗೇ ಪಾಲು ಮಾಡಬಹುದು, ಆ ಹೋಲಿಕೆಗೆ ಇವತ್ತು ಹೋಗಲ್ಲ.

ಇದು ನಿಜಕ್ಕೂ ದೊಡ್ಡ ಹೆಜ್ಜೆ. ಮರೆತುಹೋಗಲು ಎಂಟನೇ ಸರ್ವರ್ ಅನ್ನೋದೇ ಇಲ್ಲ. ನೈಟ್‌ನವರಿಗೆ ಇಲ್ಲದಿದ್ದ ಸಿಲಿಂಡರ್ ಇಲ್ಲಿ ತಿಂಗಳಿಗೆ ಕೆಲವೇ ರೂಪಾಯಿ ಬಿಲ್ ಬರುವ ಸಣ್ಣ ಆ್ಯಪ್‌ನವರಿಗೂ ಸಿಕ್ಕಿತು. ಆದರೆ ಆ ‘ಶೇ 10, ಐದು ನಿಮಿಷ’ ಅನ್ನೋ ಸಿದ್ಧ ಅಂಗಿಯನ್ನು ಅಳತೆ ನೋಡದೆ ತೊಡುವವರನ್ನು ಕಂಡರೆ ನನಗೆ ಭಯ.

ಲೆಕ್ಕ ಹಾಕಿ. ಗಂಟೆಗೆ 20 ಕರೆ ಬರುವ ಸಣ್ಣ ಫಂಕ್ಷನ್ ಇದೆ ಅಂದುಕೊಳ್ಳಿ. ಐದು ನಿಮಿಷಕ್ಕೆ ಒಂದೂವರೆ ಚಿಲ್ಲರೆ ಕರೆ. ಅದರಲ್ಲಿ ಶೇ 10 ಅಂದರೆ ಒಂದು ಕರೆಯ ಆರನೇ ಒಂದು ಭಾಗ. ಹೆಚ್ಚಿನ ಸಲ ಹೊಸ ವರ್ಷನ್‌ಗೆ ಒಂದೂ ಕರೆ ಬಂದಿರಲ್ಲ, ಅಷ್ಟರಲ್ಲಿ ಪಾಸ್ ಅಂತ ಎಲ್ಲರಿಗೂ ಹೋಗಿಬಿಡುತ್ತೆ. ಹಕ್ಕಿಯನ್ನು ಗಣಿಗೆ ಇಳಿಸಲೇ ಇಲ್ಲ, ಹಕ್ಕಿ ಚೆನ್ನಾಗಿದೆ ಅಂದ ಹಾಗೆ. ಇನ್ನು ಜಿಎಸ್‌ಟಿಆರ್-3ಬಿ ಥರ ತಿಂಗಳ 20ನೇ ತಾರೀಖಿನ ಸುತ್ತ ಮಾತ್ರ ಜನ ಮುಗಿಬೀಳುವ ಕೆಲಸಕ್ಕೆ 5ನೇ ತಾರೀಖಿನ ಐದು ನಿಮಿಷ ಏನು ಹೇಳೀತು?

ಇನ್ನೊಂದು ತೊಡಕು. ಅಲಿಯಾಸ್ ಪಾಲು ಮಾಡೋದು ಕರೆಗಳನ್ನು, ಜನರನ್ನಲ್ಲ. ಒಬ್ಬರು ಆ್ಯಪ್ ತೆರೆದು ಮುಚ್ಚುವಷ್ಟರಲ್ಲಿ ಹತ್ತು ಕರೆ ಹೋದರೆ, ಅವರಿಗೆ ಒಂದು ಸಲವಾದರೂ ಹೊಸ ವರ್ಷನ್ ತಗಲುವ ಸಾಧ್ಯತೆ ಸುಮಾರು ಶೇ 65. ನಾವು ಹತ್ತರಲ್ಲಿ ಒಬ್ಬರಿಗೆ ಮಾತ್ರ ಅಪಾಯ ಅಂದುಕೊಂಡಿದ್ದರೆ, ಅದು ಆರೇಳು ಜನರನ್ನು ಮುಟ್ಟಿರುತ್ತೆ. ಅದೂ ಒಂದು ಕ್ಲಿಕ್ ಹಳೆಯದಕ್ಕೆ, ಇನ್ನೊಂದು ಹೊಸದಕ್ಕೆ.

ಹೊಸ ವರ್ಷನ್ ಡೇಟಾಬೇಸ್‌ನಲ್ಲಿ ಬರೆದಿಟ್ಟಿದ್ದರ ಕಥೆ ಬೇರೆ. ಬೋರ್ಡು ಕ್ಷಣದಲ್ಲಿ ಹಿಂದಕ್ಕೆ ತಿರುಗುತ್ತೆ, ಬರೆದದ್ದು ಅಲ್ಲೇ ಇರುತ್ತೆ, ಹಳೇ ವರ್ಷನ್‌ಗೆ ಅದನ್ನು ಓದೋಕೆ ಬರದೇ ಇರಬಹುದು. ಅಕೌಂಟ್ಸ್ ಓದಿದವರಿಗೆ ಇದು ಚೆನ್ನಾಗಿ ಗೊತ್ತು: ತಪ್ಪು ಎಂಟ್ರಿ ಬಿದ್ದರೆ ಪುಟ ಹರಿಯೋ ಹಾಗಿಲ್ಲ, ಇನ್ನೊಂದು ಎಂಟ್ರಿ ಹಾಕಿಯೇ ಸರಿ ಮಾಡಬೇಕು. ಆ ಎರಡನೇ ಎಂಟ್ರಿಯನ್ನು ನಿಮಗಾಗಿ ಕೋಡ್‌ಡಿಪ್ಲಾಯ್ ಬರೆಯಲ್ಲ.

ಅಲಾರಂ ವಿಷಯವೂ ಅಷ್ಟೇ. ನೀವು ಒಂದೂ ಅಲಾರಂ ಜೋಡಿಸದಿದ್ದರೆ ಅದು ಐದು ನಿಮಿಷ ಸುಮ್ಮನೆ ಕಾದು ಮುಂದೆ ಹೋಗುತ್ತೆ. ಎರರ್ ಎಣಿಸುವ ಅಲಾರಂ ಇಟ್ಟರೂ, ಎರರ್ ಇಲ್ಲದೆ ತಪ್ಪು ಮೊತ್ತ ಕೊಡುವ ಕೋಡ್ ಅದಕ್ಕೆ ಕಾಣಲ್ಲ. ಬಿಲ್‌ಗಳ ಸರಾಸರಿ ಮೊತ್ತ ಇದ್ದಕ್ಕಿದ್ದಂತೆ ಅರ್ಧವಾಯಿತಾ ಅಂತ ನೋಡುವ ಅಲಾರಂ ಬೇರೆಯೇ ಇಡಬೇಕು. ಅದು ಏನಾಗಿರಬೇಕು ಅನ್ನೋದು ಕೋಡ್ ಬರೆಯುವವರಿಗಿಂತ ಲೆಕ್ಕ ನೋಡುವವರಿಗೆ ಚೆನ್ನಾಗಿ ಗೊತ್ತಿರುತ್ತೆ. ಅವರನ್ನು ಆ ಮೀಟಿಂಗ್‌ಗೆ ಕರೆಯೋದು ಕಡಿಮೆ ಅನ್ನೋದು ನನ್ನ ದೂರು.

ಸರ್ವರ್‌ಲೆಸ್ ಅಲ್ಲದಿದ್ದರೂ ಒಂದು ಇತ್ತೀಚಿನ ಘಟನೆ ಹೇಳಲೇಬೇಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಒಂದು ಅಪ್‌ಡೇಟ್ ಕಳಿಸಿ 78 ನಿಮಿಷದಲ್ಲಿ ಹಿಂದಕ್ಕೆ ಪಡೆಯಿತು. ಅಷ್ಟರಲ್ಲಿ, ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ಕೂತಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರು. ಆ ಬಗೆಯ ಅಪ್‌ಡೇಟ್‌ಗಳಿಗೆ ಅವರಲ್ಲಿ ಹಂತ ಹಂತದ ಬಿಡುಗಡೆ ಇರಲಿಲ್ಲ, ಇನ್ನು ಮುಂದೆ ಇರುತ್ತೆ ಅಂತ ಆಮೇಲೆ ಕಂಪನಿ ಹೇಳಿತು. ನೈಟ್ ಮುಳುಗಿ ಆಗಲೇ ಹನ್ನೆರಡು ವರ್ಷ ಆಗಿತ್ತು.