ಹೊರಗುತ್ತಿಗೆ ನೇಮಕಾತಿ: ಆಯ್ಕೆ ಒಬ್ಬರದು, ಹೊಣೆ ಇನ್ನೊಬ್ಬರದು

ಕಂಪನಿಯೊಂದು ತನಗೆ ಬೇಕಾದ ನೌಕರರನ್ನು ಹುಡುಕಿ, ಸಂದರ್ಶನಕ್ಕೆ ಕರೆತರುವ ಹೊಣೆಯನ್ನು ಹೊರಗಿನ ಸಂಸ್ಥೆಗೆ ವಹಿಸುವುದೇ ಹೊರಗುತ್ತಿಗೆ ನೇಮಕಾತಿ. ಜನರ ಬಾಯಲ್ಲಿ ಇಂತಹ ಸಂಸ್ಥೆಗಳಿಗೆ 'ಕನ್ಸಲ್ಟೆನ್ಸಿ' ಎಂದೇ ಹೆಸರು. ಇಲ್ಲಿ ದುಡಿಯುವವರು ರಿಕ್ರೂಟರ್‌ಗಳು. ಮಾಹಿತಿ ತಂತ್ರಜ್ಞಾನ ಉದ್ಯಮದ ಜೊತೆಜೊತೆಗೇ ಬೆಂಗಳೂರಿನಲ್ಲಿ ಬೆಳೆದ ಈ ವೃತ್ತಿಗೆ ಯಾವುದೇ ಪದವಿಯವರೂ ಪ್ರವೇಶಿಸಬಹುದು.

ಕಾರ್ಯವಿಧಾನ

ಹುದ್ದೆಯ ವಿವರ ಕೈಸೇರಿದೊಡನೆ ರಿಕ್ರೂಟರ್ ಉದ್ಯೋಗ ತಾಣಗಳಲ್ಲಿ ಬಯೋಡೇಟಾಗಳನ್ನು ಶೋಧಿಸುತ್ತಾರೆ. 1997ರಲ್ಲಿ ಆರಂಭವಾದ ನೌಕರಿ ಡಾಟ್ ಕಾಮ್, 2003ರಲ್ಲಿ ಬಂದ ಲಿಂಕ್ಡ್‌ಇನ್ ಈ ಶೋಧದ ಮುಖ್ಯ ನೆಲೆಗಳು. ಬಳಿಕ ದೂರವಾಣಿಯಲ್ಲಿ ಅನುಭವ, ಈಗಿನ ಸಂಬಳ, ನಿರೀಕ್ಷೆ ಹಾಗೂ ನೋಟಿಸ್ ಅವಧಿಯನ್ನು ವಿಚಾರಿಸಿ, ಒಪ್ಪಿದವರ ಪಟ್ಟಿಯನ್ನು ಕಂಪನಿಗೆ ಕಳುಹಿಸುತ್ತಾರೆ. ಅಮೆರಿಕದ ಗ್ರಾಹಕರಿಗಾಗಿ ದುಡಿಯುವವರ ಪಾಳಿ ಸಂಜೆ ಆರಂಭವಾಗುತ್ತದೆ. ನ್ಯೂಯಾರ್ಕ್ ಗಡಿಯಾರ ನಮ್ಮದಕ್ಕಿಂತ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದಿರುತ್ತದೆ.

ಶುಲ್ಕದ ಲೆಕ್ಕ

ಭಾರತದಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಶುಲ್ಕ ವಾರ್ಷಿಕ ವೇತನದ ಶೇ. 8.33, ಅಂದರೆ ಒಂದು ತಿಂಗಳ ಸಂಬಳ. ವರ್ಷಕ್ಕೆ 6 ಲಕ್ಷ ರೂಪಾಯಿ ವೇತನದ ಹುದ್ದೆ ಭರ್ತಿಯಾದರೆ ಸಂಸ್ಥೆಗೆ ದೊರೆಯುವುದು ಸುಮಾರು 50 ಸಾವಿರ ರೂಪಾಯಿ. ಇದನ್ನು ತೆರುವವರು ಕಂಪನಿಯವರೇ ಹೊರತು ಅಭ್ಯರ್ಥಿಯಲ್ಲ. ನೇಮಕಗೊಂಡವರು ಒಪ್ಪಂದದಲ್ಲಿ ಹೇಳಿದ ಅವಧಿಯೊಳಗೆ ಕೆಲಸ ಬಿಟ್ಟರೆ ಬದಲಿ ವ್ಯಕ್ತಿಯನ್ನು ಒದಗಿಸುವ ಅಥವಾ ಹಣ ಮರಳಿಸುವ ಷರತ್ತು ಸಾಮಾನ್ಯ.

ಇಕ್ಕಟ್ಟು

ಆಯ್ಕೆಯ ಅಧಿಕಾರ ಕಂಪನಿಯದು. ತಿಂಗಳ ಗುರಿ ಮಾತ್ರ ರಿಕ್ರೂಟರ್ ಹೆಗಲ ಮೇಲೆ. ಐ.ಟಿ. ಉದ್ಯಮದಲ್ಲಿ ಮೂರು ತಿಂಗಳ ನೋಟಿಸ್ ಅವಧಿ ಅಪರೂಪವಲ್ಲ. ಆ ನಡುವೆ ಅಭ್ಯರ್ಥಿ ಬೇರೊಂದು ಆಹ್ವಾನಕ್ಕೆ ಓಗೊಟ್ಟರೆ ವಾರಗಟ್ಟಲೆಯ ಶ್ರಮ ನೀರಿನಲ್ಲಿ ಹೋಮ ಮಾಡಿದಂತೆ. ಅತ್ತ, ತಿರಸ್ಕೃತರಾದವರಿಗೆ ಕಾರಣ ತಿಳಿಸುವವರಿಲ್ಲ. ಕಂಪನಿ ಕಾರಣ ಹೇಳದಿದ್ದರೆ ರಿಕ್ರೂಟರ್ ಬಳಿಯೂ ಉತ್ತರವಿರುವುದಿಲ್ಲ. ಮುಂದಿನ ಹುದ್ದೆಯ ಒತ್ತಡದಲ್ಲಿ ಹಿಂದಿನವರಿಗೆ ಕರೆ ಮಾಡುವುದೂ ಮರೆತುಹೋಗುತ್ತದೆ. ಆದರೆ ಉದ್ಯೋಗಾಕಾಂಕ್ಷಿಯ ಪಾಲಿಗೆ ಕಂಪನಿಯ ಮುಖವೆಂದರೆ ಫೋನಿನ ಆ ದನಿಯೊಂದೇ.

ಉದ್ಯೋಗಾಕಾಂಕ್ಷಿಗಳ ಗಮನಕ್ಕೆ

ನೋಂದಣಿ, ತರಬೇತಿ ಅಥವಾ ಠೇವಣಿಯ ಹೆಸರಿನಲ್ಲಿ ಮುಂಗಡ ಹಣ ಕೇಳುವವರ ಬಗ್ಗೆ ಎಚ್ಚರ ಅಗತ್ಯ. ವಿದೇಶಿ ಉದ್ಯೋಗಕ್ಕೆ ಜನರನ್ನು ನೇಮಿಸಿ ಕಳುಹಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿಕೊಂಡಿರುವುದು ಕಡ್ಡಾಯ. ಅವರ ಪಟ್ಟಿ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಲಭ್ಯ. ಕರೆ ಬಂದಾಗ ಕಂಪನಿಯ ಹೆಸರು, ಕೆಲಸದ ಸ್ಥಳ, ಸಂಬಳ ಪಾವತಿಸುವವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳಿತು.